ಓದಿ ಹೇಳದ ಶಾಸನ

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ಸಂದೇಶಗಳು ಇನ್ನೂ ಬರುತ್ತಿದ್ದ ವಾರವದು. ಸೂರತ್ತಿನ ಒಂದು ಮನೆಯಲ್ಲಿ ನಾನು ಕುಳಿತಿದ್ದೆ. ಚಿಕ್ಕೋಡಿಯ ಕಡೆಯಿಂದ ಬಂದು ಬಟ್ಟೆ ವ್ಯಾಪಾರದಲ್ಲಿ ನೆಲೆನಿಂತ ನಮ್ಮವರದೇ ಮನೆ. ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದರು. ಹಿಂದೆ ಉಳಿದವರು ಅವರ ಪತ್ನಿ, ಇಬ್ಬರು ಗಂಡುಮಕ್ಕಳು, ಸಾಂಗಲಿಯ ಕಡೆಗೆ ಕೊಟ್ಟಿದ್ದ ಹಿರಿಯ ಮಗಳು. ಕಾನೂನಿನ ಲೆಕ್ಕದಲ್ಲಿ ನಾಲ್ವರಿಗೂ ಸಮಪಾಲು, ತಲಾ ಕಾಲುಭಾಗ. ಮೇಜಿನ ಮೇಲೆ ಇದ್ದುದು ಹಕ್ಕು ಬಿಡುಗಡೆ ಪತ್ರ. ಇಲ್ಲಿಯವರು ‘ಹಕ್ ಕಮೀ’ ಎನ್ನುತ್ತಾರೆ. ತಾಯಿಯವರು ಅದಾಗಲೇ ಸಹಿ ಮಾಡಿ ಒಳಗೆ ಹೋಗಿದ್ದರು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕಿತ್ತು, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಮಗಳು ಪೆನ್ನು ಹಿಡಿದು ಕಾಗದವನ್ನು ನೋಡಿದರು. ಬಳಿಕ ನನ್ನ ಕಡೆಗೆ ತಿರುಗಿ, “ಅಣ್ಣಾರ, ಇದು ಗುಜರಾತಿ ಐತಿ, ನನಗ ಓದಾಕ ಬರೂದಿಲ್ಲ. ಏನ್ ಬರದಾರ ಒಮ್ಮೆ ಓದಿ ಹೇಳ್ರಿ” ಎಂದರು.

“ಏನಿಲ್ಲ ಅಕ್ಕಾ, ಖಾತೆ ಬದಲ ಮಾಡಾಕ ಒಂದ್ ಕಾಗದ, ಅಷ್ಟ” ಎಂದ ತಮ್ಮ. ಆತ ಕೆಟ್ಟವನಲ್ಲ. ತಂದೆಯ ಕಾಯಿಲೆಯಲ್ಲಿ ಎರಡು ವರ್ಷ ರಾತ್ರಿ ನಿದ್ದೆಗೆಟ್ಟವನು.

ನಾನು ಓದಿ ಕನ್ನಡದಲ್ಲಿ ಹೇಳಿದೆ. ಅಂಗಡಿಯಲ್ಲಿ, ವಡೋದರೆಯ ಫ್ಲ್ಯಾಟಿನಲ್ಲಿ, ಊರಿನ ಜಮೀನಿನಲ್ಲಿ ತನಗಿರುವ ಸಕಲ ಹಕ್ಕನ್ನೂ ಸಹೋದರರ ಪರವಾಗಿ ಬಿಟ್ಟುಕೊಟ್ಟಿರುವುದಾಗಿಯೂ, ಇದನ್ನು ಯಾರ ಒತ್ತಾಯವೂ ಇಲ್ಲದೆ ರಾಜೀಖುಷಿಯಿಂದ ಮಾಡಿರುವುದಾಗಿಯೂ ಅದರಲ್ಲಿ ಬರೆದಿತ್ತು. ಆ ‘ರಾಜೀಖುಷಿ’ ಎಂಬ ಪದ ಇಂಥ ಪ್ರತಿಯೊಂದು ಪತ್ರದಲ್ಲಿಯೂ ಇರುತ್ತದೆ. ಗುಮಾಸ್ತನ ಕಂಪ್ಯೂಟರಿನಲ್ಲಿ ಅದು ಮೊದಲೇ ಅಚ್ಚಾಗಿ ಕುಳಿತಿರುತ್ತದೆ, ಹೆಸರನ್ನು ಮಾತ್ರ ತುಂಬಬೇಕು.

“ಎಲ್ಲಾ ಬಿಟ್ಟಂಗಾತಲ್ಲ?” ಎಂದು ಕೇಳಿದರು. ಹೌದೆಂದೆ. “ಬಿಡೂದಿದ್ರ ಬಿಡ್ತೀನಿ, ತಮ್ಮಂದಿರು ನಮ್ಮವರ. ಆದ್ರ ಏನೇನ್ ಬಿಟ್ಟೆ, ಎಷ್ಟು ಬಿಟ್ಟೆ ಅಂತ ಒಂದು ಚೀಟಿ ಬರದ ಕೊಡ್ರಿ.”

ಆ ಚೀಟಿ ಬರೆಯಲು ಬೇಕಾದ ಅಂಕಿಗಳೆಲ್ಲ ನನ್ನ ಚೀಲದಲ್ಲಿಯೇ ಇದ್ದವು. ಆಸ್ತಿಯ ಮೌಲ್ಯ ಕಟ್ಟಿದವನು ನಾನೇ. ಸಹೋದರರಿಗೆ ಅದನ್ನು ಮೂರು ಬಾರಿ ವಿವರಿಸಿದ್ದೆ; ಬಿಟ್ಟುಕೊಡುವವರಿಗೆ ಒಮ್ಮೆಯೂ ತೋರಿಸಿರಲಿಲ್ಲ. ಹದಿನೆಂಟು ವರ್ಷಗಳಿಂದ ಚಾರ್ಟರ್ಡ್ ಅಕೌಂಟೆಂಟನಾಗಿ ಅಹಮದಾಬಾದು, ವಡೋದರ, ಸೂರತ್ತುಗಳ ನಡುವೆ ಓಡಾಡಿಕೊಂಡಿರುವ ನನಗೆ ಆ ದಿನದವರೆಗೆ ಇದು ಒಂದು ಲೋಪವೆಂದು ತೋರಿಯೇ ಇರಲಿಲ್ಲ.

ಲಿಖಿತ ಕಾನೂನು ಎಂದೊಡನೆ ಶಾಲೆಯ ಪುಸ್ತಕ ನಮಗೆ ಕಲಿಸಿದ ಮೊದಲ ಹೆಸರು ಹಮ್ಮುರಾಬಿಯದು. ಕ್ರಿಸ್ತಪೂರ್ವ 1792ರಿಂದ 1750ರವರೆಗೆ ಬ್ಯಾಬಿಲೋನನ್ನು ಆಳಿದನೆಂದು ಸಾಮಾನ್ಯವಾಗಿ ಗಣಿಸಲಾಗುವ ಅರಸ. ಅವನ ಕಲ್ಲು ಎರಡು ಮೀಟರಿಗಿಂತ ಎತ್ತರದ ಕರಿಯ ಕಂಬ. ಮುಂದೆ ಎಲಾಮಿನ ದೊರೆಯೊಬ್ಬ ಅದನ್ನು ಯುದ್ಧದ ಕೊಳ್ಳೆಯಾಗಿ ಒಯ್ದುದರಿಂದ ಅದು ದೊರೆತದ್ದು ಇರಾನಿನ ಸೂಸಾದಲ್ಲಿ, 1901–02ರಲ್ಲಿ. ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ತುದಿಯಲ್ಲಿ ನ್ಯಾಯದೇವತೆಯಾದ ಸೂರ್ಯ ಶಮಶನು ಕುಳಿತಿದ್ದಾನೆ, ಅರಸನು ಎದುರಿಗೆ ನಿಂತಿದ್ದಾನೆ. ಕೆಳಗೆ ಸುಮಾರು 282 ಕಲಮುಗಳು. ಇದು ಮೊತ್ತಮೊದಲನೆಯ ಕಾನೂನಲ್ಲ. ಊರ್ ನಗರದ ಊರ್-ನಮ್ಮುವಿನ ಕಟ್ಟಳೆ ಇದಕ್ಕಿಂತ ಮೂರು ಶತಮಾನಗಳಷ್ಟು ಹಳೆಯದು. ಕಣ್ಣಿಗೆ ಕಣ್ಣು ಎಂಬ ದಂಡನೆಗಾಗಿ ಹೆಸರಾದ ಈ ಕಲ್ಲನ್ನು ಅಹಿಂಸೆಯನ್ನು ನಂಬಿದ ನಮ್ಮಂಥವರು ಆದರ್ಶವೆಂದು ಎತ್ತಿ ಹಿಡಿಯಲಾಗದು. ಮನೆ ಕುಸಿದು ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲಬೇಕೆಂದು ಹೇಳುವ ಕಲಮೂ ಅದರಲ್ಲಿದೆ. ಶ್ರೀಮಂತನ ಕಣ್ಣಿಗೆ ಕಣ್ಣೇ ದಂಡ. ಸಾಮಾನ್ಯನ ಕಣ್ಣಿಗೆ ಬೆಳ್ಳಿಯ ದಂಡ. ದಾಸನ ಕಣ್ಣಿಗೆ ಅವನ ಬೆಲೆಯ ಅರ್ಧ.

ಆದರೂ ಅದರ ಕೊನೆಯ ಭಾಗವನ್ನು ನಾನು ಸೂರತ್ತಿನಿಂದ ಹಿಂದಿರುಗುವಾಗ ರೈಲಿನಲ್ಲಿ ಮತ್ತೆ ನೆನೆದೆ. ಬಲಿಷ್ಠನು ದುರ್ಬಲನನ್ನು ಹಿಂಸಿಸದಿರಲೆಂದು, ವಿಧವೆಗೂ ಅನಾಥನಿಗೂ ನ್ಯಾಯ ಸಿಗಲೆಂದು ಈ ಕಲ್ಲನ್ನು ನಿಲ್ಲಿಸಿದ್ದೇನೆ ಎನ್ನುತ್ತಾನೆ ಅರಸ. ಅನ್ಯಾಯಕ್ಕೊಳಗಾದವನು ಈ ಪ್ರತಿಮೆಯ ಮುಂದೆ ಬರಲಿ, ಬರೆದುದನ್ನು ಓದಿಸಿ ಕೇಳಲಿ, ತನ್ನ ವ್ಯಾಜ್ಯವೇನೆಂದು ತಿಳಿದುಕೊಳ್ಳಲಿ ಎಂಬುದು ಅಲ್ಲಿಯ ಆಶಯ. ಓದಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲ. ಬರೆದರೆ ಸಾಲದು, ಓದಿ ಹೇಳಬೇಕು ಎಂಬುದು ಆ ಅರಸನಿಗೆ ಹೊಳೆದಿತ್ತು. ನಮ್ಮ ಅಶೋಕನೂ ಕಳಿಂಗದ ತನ್ನ ಪ್ರತ್ಯೇಕ ಶಾಸನಗಳನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕೆಂದೂ, ಕೇಳುವವನು ಒಬ್ಬನೇ ಆದರೂ ಓದಬಹುದೆಂದೂ ವಿಧಿಸಿದ್ದಾನೆ.

ನಮ್ಮ 1908ರ ನೋಂದಣಿ ಕಾಯಿದೆಯ 19ನೆಯ ಕಲಮನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ದಸ್ತಾವೇಜು ನೋಂದಣಾಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿದ್ದರೆ, ಅನುವಾದವಿಲ್ಲದೆ ಆತ ಅದನ್ನು ನೋಂದಾಯಿಸತಕ್ಕದ್ದಲ್ಲ. ಅಧಿಕಾರಿಗೆ ಅರ್ಥವಾಗಬೇಕೆಂಬ ಕಾಳಜಿ ಕಾಯಿದೆಯಲ್ಲಿದೆ. ಸಹಿ ಮಾಡುವ ಹೆಣ್ಣುಮಗಳಿಗೆ ಆ ಭಾಷೆ ಬರುತ್ತದೆಯೇ ಎಂದು ಈ ಕಲಮು ಕೇಳುವುದಿಲ್ಲ.

“ಮದುವೆಗೆ ಖರ್ಚು ಮಾಡಿದ್ದೇವಲ್ಲ, ಬಂಗಾರ ಹಾಕಿದ್ದೇವಲ್ಲ, ಇನ್ನೆಂಥ ಪಾಲು?” ಇದು ನಮ್ಮ ಮನೆಗಳಲ್ಲಿ ಕೇಳಿಬರುವ ವಾದ. ಈ ವಾದಕ್ಕೆ ಸುಮಾರು ಮೂರು ಸಾವಿರದ ಏಳುನೂರು ವರ್ಷ ವಯಸ್ಸಾಗಿದೆ. ಬ್ಯಾಬಿಲೋನಿನಲ್ಲಿಯೂ ಆಸ್ತಿ ಗಂಡುಮಕ್ಕಳಿಗೆ, ಮಗಳಿಗೆ ಮದುವೆಯ ಬಳುವಳಿ. ವ್ಯತ್ಯಾಸವೇನೆಂದರೆ, ಅವರ ಬಳುವಳಿಗೆ ಲೆಕ್ಕವಿತ್ತು. ಮಣ್ಣಿನ ಹಲಗೆಯ ಮೇಲೆ ಪಟ್ಟಿ ಬರೆದು ಮುದ್ರೆಯೊತ್ತುತ್ತಿದ್ದರು. ಆಕೆ ಸತ್ತರೆ ಆ ಬಳುವಳಿ ಆಕೆಯ ಮಕ್ಕಳದು, ತಂದೆ ಅದನ್ನು ಮರಳಿ ಕೇಳುವಂತಿಲ್ಲವೆಂದು 162ನೆಯ ಕಲಮು ಹೇಳುತ್ತದೆ. ಗಂಡನು ಹೊಲ, ತೋಟ, ಮನೆಗಳನ್ನು ಮುದ್ರೆಯೊತ್ತಿದ ಪತ್ರದ ಮೂಲಕ ಹೆಂಡತಿಗೆ ಕೊಟ್ಟಿದ್ದರೆ ಅವನ ಮರಣಾನಂತರ ಮಕ್ಕಳು ಅದರ ಮೇಲೆ ತಕರಾರು ತೆಗೆಯುವಂತಿಲ್ಲವೆಂದು 150ನೆಯದು. ವಿಧವೆಯಾದ ತಾಯಿಯನ್ನು ಮನೆಯಿಂದ ಹೊರಡಿಸಲು ಮಕ್ಕಳು ಕಾಟ ಕೊಟ್ಟರೆ ನ್ಯಾಯಾಧೀಶರು ವಿಚಾರಿಸಿ ಮಕ್ಕಳನ್ನು ಶಿಕ್ಷಿಸಬೇಕೆಂದು 172ನೆಯದು. ನನ್ನ ವೃತ್ತಿಯವರಿಗೆ ಪ್ರಿಯವಾಗುವ ಇನ್ನೊಂದನ್ನು ಇಲ್ಲಿ ಹೇಳದಿರಲಾರೆ: ವರ್ತಕನಿಗೆ ಹಣ ಕೊಟ್ಟ ಏಜೆಂಟನು ಅಲಕ್ಷ್ಯದಿಂದ ಮುದ್ರೆಯೊತ್ತಿದ ರಸೀದಿ ಪಡೆಯದಿದ್ದರೆ ಆ ಹಣವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ ಎನ್ನುತ್ತದೆ 105ನೆಯ ಕಲಮು. ಮದುವೆಯ ಖರ್ಚನ್ನು ಮಗಳ ಪಾಲಿಗೆ ಜಮಾ ಹಿಡಿಯಬೇಕೆನ್ನುವ ಸಹೋದರರ ಬಳಿ ನಾನು ರಸೀದಿ ಕೇಳಿದ್ದುಂಟು. ಕಲ್ಯಾಣಮಂಟಪದ ಬಾಡಿಗೆ, ಬೀಗರ ಉಪಚಾರ, ಊರ ಜನರ ಊಟ ಇವೆಲ್ಲ ತಂದೆಯ ಪ್ರತಿಷ್ಠೆಯ ಖಾತೆಗೆ ಹೋಗಬೇಕಾದ ಬಾಬತ್ತುಗಳು. ಮಗಳ ಹೆಸರಿಗೆ ಬರೆಯಲು ಅದರಲ್ಲಿ ಉಳಿಯುವುದು ಅತ್ಯಲ್ಪ.

ಹಾಗೆಂದು ಹಮ್ಮುರಾಬಿಯ ಕಾಲದಲ್ಲಿ ಎಲ್ಲವೂ ಕಲ್ಲಿನಂತೆಯೇ ನಡೆಯಿತೆಂದು ತಿಳಿಯಬೇಕಾಗಿಲ್ಲ. ಆ ಕಾಲದ ಕರಾರು, ಸಾಲಪತ್ರ, ವ್ಯಾಜ್ಯಪತ್ರಗಳು ಸಾವಿರಗಟ್ಟಲೆ ಉಳಿದಿವೆ. ಅವುಗಳಲ್ಲಿ ನ್ಯಾಯಾಧೀಶರು ಈ ಕಲ್ಲಿನ ಕಲಮನ್ನು ಉಲ್ಲೇಖಿಸಿ ತೀರ್ಪು ಕೊಟ್ಟದ್ದು ಕಾಣದೆಂಬಷ್ಟು ವಿರಳ. ವಿದ್ವಾಂಸರಲ್ಲಿ ಹಲವರು ಅದನ್ನು ಕಾಯಿದೆಗಿಂತ ಹೆಚ್ಚಾಗಿ ಅರಸನ ಕೀರ್ತಿಸ್ತಂಭವೆಂದೇ ಭಾವಿಸುತ್ತಾರೆ.

ಗುಜರಾತಿನಲ್ಲಿ ವಾಸಿಸುವ ಜೈನರಾದ ನಮಗೆ ಬ್ಯಾಬಿಲೋನಿನವರೆಗೆ ಹೋಗುವ ಅಗತ್ಯವೂ ಇಲ್ಲ. ಅಹಮದಾಬಾದಿನಿಂದ ಉತ್ತರಕ್ಕೆ ಮೂರು ಗಂಟೆಯೊಳಗಿನ ದಾರಿಯಲ್ಲಿ ಪಾಟಣವಿದೆ, ಅಂದಿನ ಅಣಹಿಲಪಾಟಕ. ಅಲ್ಲಿ 1143ರಿಂದ 1172ರವರೆಗೆ ಚೌಲುಕ್ಯ ಕುಮಾರಪಾಲನು ಆಳಿದನು. ಆಚಾರ್ಯ ಹೇಮಚಂದ್ರರ ಪ್ರಭಾವದಿಂದ ಅವನು ಹೊರಡಿಸಿದ ಅಮಾರಿ ಘೋಷಣೆಯನ್ನು, ಎಂದರೆ ಪ್ರಾಣಿವಧೆಯ ನಿಷೇಧವನ್ನು, ನಮ್ಮ ಪ್ರವಚನಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಅದೇ ಅರಸನ ಇನ್ನೊಂದು ಕಾರ್ಯವನ್ನು ಅಷ್ಟಾಗಿ ಕೇಳುವುದಿಲ್ಲ. ಗಂಡು ಸಂತಾನವಿಲ್ಲದೆ ಸತ್ತವನ ಆಸ್ತಿ ಅರಸನ ಬೊಕ್ಕಸಕ್ಕೆ ಸೇರುವ ಪದ್ಧತಿ ಆಗ ಇತ್ತು. ಕಾಳಿದಾಸನ ಶಾಕುಂತಲದಲ್ಲಿ ಸಮುದ್ರದಲ್ಲಿ ಮಡಿದ ವರ್ತಕ ಧನಮಿತ್ರನ ಸಂಪತ್ತು ಅರಸನಿಗೆ ಸೇರಬೇಕೆಂದು ಮಂತ್ರಿ ಬರೆದು ಕಳುಹಿಸುವುದು ಈ ಪದ್ಧತಿಯ ಮೇರೆಗೆ. ಈ ಆದಾಯಕ್ಕೆ ಜನ ಇಟ್ಟ ಹೆಸರು ‘ರುದತೀವಿತ್ತ’, ಅಳುವವಳ ಹಣ. ಗಂಡನ ಹೆಣದ ಮುಂದೆ ಅಳುತ್ತಿರುವ ಹೆಂಗಸಿನ ಮನೆಗೆ ಅಧಿಕಾರಿಗಳು ಬಂದು ಪಟ್ಟಿ ಮಾಡಿಕೊಂಡು ಹೋಗುತ್ತಿದ್ದರು. ಕುಮಾರಪಾಲನು ಈ ಆದಾಯವನ್ನು ಬಿಟ್ಟುಬಿಟ್ಟನು. ಪ್ರಬಂಧ ಗ್ರಂಥಗಳು ಇದರಿಂದ ಬರುತ್ತಿದ್ದ ಮೊತ್ತ 72 ಲಕ್ಷವೆನ್ನುತ್ತವೆ. ಕಥೆಗಾರರ ಅಂಕಿಗೆ ಲೆಕ್ಕಪರಿಶೋಧಕನು ಸಹಿ ಹಾಕಲಾರ. ಆದರೆ ತ್ಯಾಗ ನಡೆದುದಕ್ಕೆ ಅವನ ಕಾಲಕ್ಕೆ ತೀರ ಸಮೀಪದ ಯಶಃಪಾಲನ ‘ಮೋಹರಾಜಪರಾಜಯ’ ನಾಟಕವೂ ಸಾಕ್ಷಿ. ಅಮಾರಿಯನ್ನು ಕಸಾಯಿಖಾನೆಗಳು ಮುಚ್ಚುವ ದಿನಗಳೊಂದಿಗೆ ಮಾತ್ರ ಜೋಡಿಸಿಕೊಂಡಿರುವ ನಾವು, ಆ ಅರಸನ ಅಹಿಂಸೆ ವಿಧವೆಯ ಪೆಟ್ಟಿಗೆಯವರೆಗೂ ಹೋಗಿತ್ತೆಂಬುದನ್ನು ಮರೆತಿದ್ದೇವೆ.

ಅವನ ಕಾಲದ ಎಲ್ಲ ಬರಹವೂ ಉಜ್ವಲವಲ್ಲ. ಇಂದಿನ ರಾಜಸ್ಥಾನದ ಬಾಡಮೇರ ಜಿಲ್ಲೆಯ ಕಿರಾಡುವಿನಲ್ಲಿ ಅವನ ಸಾಮಂತ ಆಲ್ಹಣದೇವನು 1152ರಲ್ಲಿ ಕೊರೆಸಿದ ಶಾಸನವೊಂದಿದೆ. ಅಷ್ಟಮಿ, ಏಕಾದಶಿ, ಚತುರ್ದಶಿಗಳಂದು ಪ್ರಾಣಿವಧೆ ಕೂಡದು. ತಪ್ಪಿದವರಿಗೆ ಐದು ದ್ರಮ್ಮ ದಂಡ, ಅರಸನ ಕಡೆಯವರಾದರೆ ಒಂದೇ ದ್ರಮ್ಮ. ಹಮ್ಮುರಾಬಿಯ ಶ್ರೇಣಿ ಇಲ್ಲಿಯೂ ಇದೆ, ತಲೆಕೆಳಗಾಗಿ.

ವಿಧವೆಯ ಹಕ್ಕು ನಮ್ಮ ಪರಂಪರೆಗೆ ಹೊರಗಿನಿಂದ ಬಂದದ್ದೂ ಅಲ್ಲ. ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳನ್ನು ಆಧರಿಸಿ ಚಂಪತ್ ರಾಯ್ ಜೈನ್ ಅವರು 1926ರಲ್ಲಿ ಪ್ರಕಟಿಸಿದ ಜೈನ ಕಾನೂನಿನ ಪುಸ್ತಕ, ಸತ್ತವನ ಆಸ್ತಿಗೆ ಮೊದಲ ವಾರಸುದಾರಳು ಪತ್ನಿ, ಮಗನ ಸರದಿ ಆಮೇಲೆ ಎಂದು ಪ್ರತಿಪಾದಿಸುತ್ತದೆ. 1878ರಲ್ಲಿಯೇ ಲಂಡನ್ನಿನ ಪ್ರಿವಿ ಕೌನ್ಸಿಲ್ ಶಿವಸಿಂಗ್ ರಾಯ್ ಮತ್ತು ದಾಖೋ ನಡುವಿನ ವ್ಯಾಜ್ಯದಲ್ಲಿ, ಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿರುವ ರೂಢಿಯನ್ನು ಮಾನ್ಯ ಮಾಡಿತು. ನಮ್ಮ ತುಳುನಾಡಿನ ಜೈನ ಮನೆತನಗಳು ಅಳಿಯಸಂತಾನ ಕಟ್ಟಿನಲ್ಲಿ ಹೆಣ್ಣಿನ ಮೂಲಕವೇ ಕುಟುಂಬವನ್ನು ಎಣಿಸಿದವು. ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಪ್ರತಿ ಸಮ್ಮೇಳನದಲ್ಲಿಯೂ ಸ್ಮರಿಸುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಆಕೆ ಗಂಡನನ್ನು ಕಳೆದುಕೊಂಡ ಹೆಂಗಸು. ಆಕೆಯ ಸಂಬಂಧಿಕರು ಒಂದು ಬಿಡುಗಡೆ ಪತ್ರವನ್ನು ಮುಂದಿಟ್ಟಿದ್ದರೆ ದಾನ ಮಾಡಲು ಕೈಯಲ್ಲಿ ಏನಿರುತ್ತಿತ್ತು?

ಇನ್ನು ಶ್ರವಣಬೆಳಗೊಳದ ಭಂಡಾರಿ ಬಸದಿಯ ಕಲ್ಲು. ದರ್ಶನಕ್ಕೆ ಹೋದವರಲ್ಲಿ ಎಷ್ಟು ಮಂದಿ ಅದರ ಮುಂದೆ ನಿಂತಿದ್ದಾರೆಂದು ನನಗೆ ಅನುಮಾನ. 1368ರಲ್ಲಿ ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳನ್ನೊಳಗೊಂಡ ಎಲ್ಲ ನಾಡುಗಳ ಜೈನರು, ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನದರ್ಶನಕ್ಕೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಹಿಂದಿನಂತೆಯೇ ಸಲ್ಲುವುದೆಂದೂ ತೀರ್ಮಾನಿಸಿದನು. ಈ ಮಟ್ಟಿಗೆ ಕಥೆ ಎಲ್ಲರಿಗೂ ಗೊತ್ತು. ನನಗೆ ಮೆಚ್ಚುಗೆಯಾಗುವುದು ಇದರ ಮುಂದಿನ ಸಾಲುಗಳು. ರಾಜ್ಯದ ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ವಸೂಲು. ವಸೂಲಿಯ ಹೊಣೆ ತಿರುಮಲೆಯ ತಾತಯ್ಯನಿಗೆ, ಎಂದರೆ ಎದುರು ಪಕ್ಷದವನಿಗೇ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳು. ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಆದಾಯ, ವೆಚ್ಚ, ಶಿಲ್ಕಿನ ವಿನಿಯೋಗ, ಹೊಣೆಗಾರನ ಹೆಸರು ಎಲ್ಲವೂ ಅಲ್ಲಿ ನಮೂದಾಗಿವೆ. ಇಷ್ಟಾದರೂ ಆ ಕಲ್ಲು ತಾನಾಗಿ ಕೆಲಸ ಮಾಡಲಿಲ್ಲ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಮತ್ತೆ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಯಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಬೇಕಾಯಿತು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಈಗ ನಮ್ಮ ಸಭೆಗಳಲ್ಲಿ ನಡೆಯುವ ಚರ್ಚೆಗೆ ಬರುತ್ತೇನೆ. 2025ರ ಫೆಬ್ರವರಿಯಲ್ಲಿ ಗುಜರಾತ್ ಸರಕಾರವು ನ್ಯಾಯಮೂರ್ತಿ ರಂಜನಾ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಸಮಾನ ನಾಗರಿಕ ಸಂಹಿತೆಯ ಸಮಿತಿಯನ್ನು ನೇಮಿಸಿತು. ಅದೇ ತಿಂಗಳು ಇಂದೋರಿನ ಕೌಟುಂಬಿಕ ನ್ಯಾಯಾಲಯವೊಂದು, ಜೈನರು ಅಲ್ಪಸಂಖ್ಯಾತರೆಂದು 2014ರಲ್ಲಿ ಘೋಷಿತರಾದ್ದರಿಂದ ಅವರಿಗೆ ಹಿಂದೂ ವಿವಾಹ ಕಾಯಿದೆ ಅನ್ವಯಿಸದೆಂದು ಹೇಳಿತು. ಮಾರ್ಚಿನಲ್ಲಿ ಮಧ್ಯಪ್ರದೇಶ ಹೈಕೋರ್ಟು ಅದನ್ನು ರದ್ದುಗೊಳಿಸಿತು. ಅಂದಿನಿಂದ ನಮ್ಮವರಿಗೆ ಒಂದೇ ಚಿಂತೆ: ಜೈನರ ಪ್ರತ್ಯೇಕ ಅಸ್ತಿತ್ವ ಏನಾಗುತ್ತದೆ, ಅವಿಭಕ್ತ ಕುಟುಂಬದ ತೆರಿಗೆ ಸೌಲಭ್ಯ ಉಳಿಯುತ್ತದೆಯೇ? ಎರಡನೆಯ ಪ್ರಶ್ನೆಯನ್ನು ನನ್ನ ಕಕ್ಷಿದಾರರು ಮೊದಲನೆಯದಕ್ಕಿಂತ ಹೆಚ್ಚು ಕಳವಳದಿಂದ ಕೇಳುತ್ತಾರೆಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ. ಈ ಪ್ರಶ್ನೆಗಳು ಸಲ್ಲದವೆಂದು ನಾನು ಹೇಳುವುದಿಲ್ಲ. ಆದರೆ ಹೊಸ ಸಂಹಿತೆ ಬರಲಿ ಬಿಡಲಿ, ನಮ್ಮ ಹೆಣ್ಣುಮಕ್ಕಳಿಗೆ ಕಾಗದದ ಮೇಲೆ ಸಮಪಾಲು ಬಂದು ಬಹುಕಾಲವಾಯಿತು. ತಂದೆಯ ಸ್ವಯಾರ್ಜಿತದಲ್ಲಿ 1956ರಿಂದ. ಪಿತ್ರಾರ್ಜಿತದಲ್ಲಿ ಕರ್ನಾಟಕದಲ್ಲಿ ಅವಿವಾಹಿತ ಮಗಳಿಗೆ 1994ರಿಂದ, ದೇಶಕ್ಕೆಲ್ಲ 2005ರಿಂದ. ತಂದೆ ಆ ದಿನ ಬದುಕಿರಬೇಕಾಗಿಲ್ಲವೆಂದು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹಕ್ಕನ್ನು ಕೊಟ್ಟ ಕಾಯಿದೆ ದೆಹಲಿಯದು, ಹಕ್ಕನ್ನು ಬಿಡಿಸುವ ಕಾಗದ ನಮ್ಮ ಊಟದ ಮೇಜಿನದು. ಸಮಾನ ಸಂಹಿತೆಯಿಂದ ಆ ಮೇಜಿನ ಮೇಲೆ ಒಂದಕ್ಷರವೂ ಬದಲಾಗದು.

ವಡೋದರೆಯ ಜನರಿಗೆ ಅರಸನ ಕಾಯಿದೆಯ ನೆನಪು ಇನ್ನೂ ಇದೆ. ಸಯಾಜಿರಾವ್ ಗಾಯಕವಾಡರು 1904ರಲ್ಲಿ ಬಾಲ್ಯವಿವಾಹವನ್ನು ತಡೆದರು, 1931ರಲ್ಲಿ ಹಿಂದೂ ವಿಚ್ಛೇದನಕ್ಕೆ ಕಾಯಿದೆ ಮಾಡಿದರು. 1933ರಲ್ಲಿ ಅಪ್ರಾಪ್ತ ವಯಸ್ಕರ ದೀಕ್ಷೆಯನ್ನು ನಿರ್ಬಂಧಿಸಿದಾಗ ಜೈನ ಸಮಾಜ ಎರಡಾಗಿ ಒಡೆಯಿತು. ಪರ ನಿಂತವರೂ ಜೈನ ಸುಧಾರಕರೇ. ಅದೇ ವರ್ಷ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದಿತು. ಒಳ್ಳೆಯ ಅರಸರು ಸಿಕ್ಕ ಪ್ರಜೆಗಳಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಮುಂದಿನದನ್ನೂ ಅರಸನೇ ಮಾಡಲಿ ಎಂದು ಕಾಯುವುದು. ಕುಮಾರಪಾಲನ ನಂತರ ಪಟ್ಟಕ್ಕೆ ಬಂದ ಅಜಯಪಾಲನ ಕಾಲದಲ್ಲಿ ಜೈನರಿಗಿದ್ದ ಆಶ್ರಯವೇ ತಪ್ಪಿಹೋಯಿತು.

ಸರಕಾರಕ್ಕೆ ಬಿನ್ನಹ ಮಾಡುವುದೇ ಆದರೆ, ಬಿಡುಗಡೆ ಪತ್ರವನ್ನು ಬಿಟ್ಟುಕೊಡುವವರ ಭಾಷೆಯಲ್ಲಿ ಅಧಿಕಾರಿಯ ಎದುರು ಓದಿ ಹೇಳಬೇಕು, ಬಿಡುತ್ತಿರುವ ಪಾಲಿನ ಮೌಲ್ಯವನ್ನು ಪತ್ರಕ್ಕೆ ಲಗತ್ತಿಸಬೇಕು, ಓದಿದ ದಿನಕ್ಕೂ ಸಹಿಯ ದಿನಕ್ಕೂ ನಡುವೆ ಒಂದು ತಿಂಗಳ ಅವಧಿ ಇರಬೇಕು ಎಂದು ಕೇಳೋಣ. ಇದಕ್ಕೆ ಹಿಂದೂ, ಜೈನ ಎಂಬ ವಿವಾದವೂ ಬೇಕಾಗಿಲ್ಲ. ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ತ್ಯಾಗವನ್ನು ನಾನು ಅವಹೇಳನ ಮಾಡುತ್ತಿಲ್ಲ. ಅಪರಿಗ್ರಹವನ್ನು ವ್ರತವಾಗಿ ಹೊಂದಿರುವ ಧರ್ಮ ನಮ್ಮದು. ಆದರೆ ಅಪರಿಗ್ರಹಕ್ಕೂ ಅಣುವ್ರತಕ್ಕೂ ಪರಿಮಾಣವುಂಟು. ತನ್ನಲ್ಲಿ ಎಷ್ಟಿದೆಯೆಂದು ಅರಿಯದವನು ಪರಿಗ್ರಹ ಪರಿಮಾಣ ವ್ರತವನ್ನು ತೆಗೆದುಕೊಳ್ಳುವುದು ಹೇಗೆ? ಮತ್ತು ಅದೇ ಅಪರಿಗ್ರಹವನ್ನು ತಂಗಿಯ ಪರವಾಗಿ ಆಚರಿಸಿದ ಅಣ್ಣನನ್ನು ಹದಿನೆಂಟು ವರ್ಷಗಳಲ್ಲಿ ನಾನು ಕಂಡದ್ದು ಎರಡೇ ಬಾರಿ.

ಸೂರತ್ತಿನ ಆ ಅಕ್ಕನವರಿಗೆ ಅರ್ಧ ಗಂಟೆ ಕುಳಿತು ಚೀಟಿ ಬರೆದುಕೊಟ್ಟೆ: ಅಂಗಡಿ, ಫ್ಲ್ಯಾಟು, ಜಮೀನು, ಬ್ಯಾಂಕಿನ ಠೇವಣಿ, ಪ್ರತಿಯೊಂದರ ಬೆಲೆ, ಕಾಲುಭಾಗ, ಕೊನೆಗೆ ಒಟ್ಟು. ಅವರು ಒಟ್ಟನ್ನು ಎರಡು ಬಾರಿ ಓದಿದರು. ತಮ್ಮಂದಿರು ಗೋಡೆಯ ಕಡೆ ನೋಡುತ್ತಿದ್ದರು. ಚೀಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಪತ್ರಕ್ಕೆ ಸಹಿ ಮಾಡಿ, ಊಟಕ್ಕೆ ಎದ್ದರು. ತಾಯಿಯವರಿಗೆ ಮಾತ್ರ ನಾನು ಓದಿ ಹೇಳಲಿಲ್ಲ. ಅವರು ಕೇಳಲಿಲ್ಲವೆಂಬುದು ನನ್ನ ಸಮಾಧಾನವಾಗಿತ್ತು, ಈಗ ಅದು ಸಮಾಧಾನವಾಗಿ ಉಳಿದಿಲ್ಲ.

ಅಂದಿನಿಂದ ನನ್ನ ಕಚೇರಿಯಲ್ಲಿ ಯಾವ ಬಿಡುಗಡೆ ಪತ್ರದ ಲೆಕ್ಕ ಸಿದ್ಧವಾದರೂ, ಅಂಥ ಒಂದು ಚೀಟಿಯನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಬರೆದು, ಬಿಟ್ಟುಕೊಡುವವರ ಕೈಗೇ ಕೊಡುತ್ತೇನೆ. ತಾಯಂದಿರಿಗೂ ಕೊಡುತ್ತೇನೆ. ಅಹಮದಾಬಾದಿನ ಒಂದು ಕುಟುಂಬ ಆ ಚೀಟಿಯನ್ನು ನೋಡಿದ ಮೇಲೆ ಪತ್ರವನ್ನು ಬದಿಗಿಟ್ಟು, ಮಗಳ ಹೆಸರಿಗೆ ಒಂದು ಮನೆ ಬರೆಯಿತು. ವಡೋದರೆಯ ಇನ್ನೊಂದು ಕುಟುಂಬ, ಚೀಟಿ ಇಲ್ಲದೆ ಮಾಡಿಕೊಡುವವರು ಯಾರಾದರೂ ಇದ್ದಾರೆಯೇ ಎಂದು ನನ್ನನ್ನೇ ಕೇಳಿತು. ನಾನು ಹೆಸರು ಹೇಳಲಿಲ್ಲ. ಅವರ ಕೆಲಸ ವಾರದೊಳಗೆ ಮುಗಿಯಿತೆಂದು ಆಮೇಲೆ ಕೇಳಿದೆ.